ಹಳೆಯ ಕೋವಿಗೆ ಹೊಸ ಮರ

ಹಳೆಯ ಜೋಡುನಳಿಗೆಯ ಕೋವಿಯೊಂದು ಕೈಗೆ ಬಂದಾಗ ನಾವೆಲ್ಲರೂ ಮೊದಲು ಓದಲೆಳಸುವುದು ಅದರ ಕಬ್ಬಿಣವನ್ನು. ಕಬ್ಬಿಣದಲ್ಲಿ ಓದತಕ್ಕದ್ದು ಬೇಕಾದಷ್ಟುಂಟು. ಎರಡು ನಳಿಗೆಗಳ ನಡುವಣ ಪಟ್ಟಿಯ ಮೇಲೆ ತಯಾರಕನ ಹೆಸರು ಮತ್ತು ಊರು; ಕೀಲಿನ ತಗಡಿನ ಮೇಲೆ ಎಲೆಬಳ್ಳಿಯ ಕೆತ್ತನೆ; ನಳಿಗೆಗಳನ್ನು ಕಳಚಿ ಮಗುಚಿದರೆ ಅಡಿಯಲ್ಲಿ ಪರೀಕ್ಷಾಗೃಹದ ಸಣ್ಣ ಮುದ್ರೆಗಳು. ಬಲ್ಲವರು ಇವುಗಳಿಂದಲೇ ಕೋವಿಯ ಕಾಲವನ್ನೂ ಯೋಗ್ಯತೆಯನ್ನೂ ನಿರ್ಣಯಿಸುತ್ತಾರೆ. ಅದರ ಮರದ ಹಿಡಿಯ ಮೇಲಾದರೋ ಸಾಮಾನ್ಯವಾಗಿ ಒಂದಕ್ಷರವೂ ಇರುವುದಿಲ್ಲ. ಹಾಗಿದ್ದೂ ಕೋವಿಯನ್ನು ಎತ್ತಿದ ಕೈ ಹಿಡಿದುದು ಮರವನ್ನು. ಕೆನ್ನೆ ತಾಗಿದುದು ಮರಕ್ಕೆ. ಸಿಡಿತದ ಪೆಟ್ಟನ್ನು ಭುಜಕ್ಕೆ ಒಯ್ದುದೂ ಮರವೇ. ಕಬ್ಬಿಣವು ಅಂಗಡಿಯ ಚರಿತ್ರೆಯನ್ನು ಹೇಳಿದರೆ, ಮರವು ಮಾಡಿದ ಕೈಯ ಮತ್ತು ಬಳಸಿದ ಕೈಯ ಚರಿತ್ರೆಯನ್ನು ಹೇಳುತ್ತದೆ.

ಆ ಮರ ಸೀಳಿದಾಗ ಹೊಸ ಹಿಡಿಯನ್ನು ಕೆತ್ತಿ ಕೂಡಿಸಿ, ಅದರ ಮೇಲೆ ಕೈಯಿಂದಲೇ ಒತ್ತಾದ ಚೌಕುಳಿಗೆರೆಗಳನ್ನು ಕೊರೆಯುವ ಕುಶಲಕೆಲಸವೊಂದುಂಟು. ಈ ಗೆರೆಯ ಕೆಲಸಕ್ಕೆ ಚೆಕ್ಕರಿಂಗ್ ಎಂಬ ಹೆಸರು ರೂಢಿಯಲ್ಲಿದೆ. ನೋಡುವವರ ಕಣ್ಣಿಗೆ ಇದು ಬಡಗಿಯ ಒಂದು ಸಣ್ಣ ದುರಸ್ತಿ. ಆದರೆ ಹಳೆಯ ವಸ್ತುವನ್ನು ನವೀಕರಿಸುವಾಗ ಏನನ್ನು ಉಳಿಸಬೇಕು, ಏನನ್ನು ಬಿಡಬೇಕು ಎಂಬ ಪ್ರಶ್ನೆ ಇದರೊಳಗೆ ಅಡಗಿದೆ. ಇತಿಹಾಸವನ್ನು ಕಲಿಸುವವರಿಗೂ ಕಲಿಯುವವರಿಗೂ ಅದು ಹೊರಗಿನ ಪ್ರಶ್ನೆಯಲ್ಲ. ಆದಕಾರಣ ಈ ಕೆಲಸದ ಪೂರ್ವೋತ್ತರವನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲು ಯತ್ನಿಸಿದ್ದೇವೆ.

ಜೋಡುನಳಿಗೆಯ ಕೋವಿ ಈಗ ನಾವು ಕಾಣುವ ರೂಪವನ್ನು ಪಡೆದುದು ಮುಖ್ಯವಾಗಿ ಇಂಗ್ಲೆಂಡಿನಲ್ಲಿ, ಸುಮಾರು ನೂರು ವರ್ಷಗಳ ಅವಧಿಯಲ್ಲಿ. ಎರಡು ನಳಿಗೆಗಳನ್ನು ಒಂದೇ ಹಿಡಿಗೆ ಕೂಡಿಸುವ ಆಲೋಚನೆ ಹಳೆಯದೇ. ಆದರೆ ಮದ್ದು ನಿಧಾನವಾಗಿ ಉರಿಯುತ್ತಿದ್ದುದರಿಂದ ನಳಿಗೆ ಬಹು ಉದ್ದವಾಗಿರಬೇಕಾಗಿತ್ತು. ಅಂತಹ ಎರಡನ್ನು ಹೊತ್ತು ಹಾರುವ ಹಕ್ಕಿಯನ್ನು ಹಿಂಬಾಲಿಸುವುದು ದುಸ್ಸಾಧ್ಯ. ೧೭೮೭ರಲ್ಲಿ ಲಂಡನ್ನಿನ ಹೆನ್ರಿ ನಾಕ್ ಎಂಬವನು ಮದ್ದು ಬೇಗನೆ ಉರಿಯುವಂತಹ ನಳಿಗೆಬುಡವೊಂದಕ್ಕೆ ಪೇಟೆಂಟು ಪಡೆದನು. ಇದರಿಂದ ನಳಿಗೆಯನ್ನು ಗಿಡ್ಡಗೊಳಿಸುವುದು ಸಾಧ್ಯವಾಯಿತು. ಹಗುರಾದ ಜೋಡುಕೋವಿಗೆ ದಾರಿ ತೆರೆಯಿತು. ಜೋಸೆಫ್ ಮ್ಯಾಂಟನ್ (೧೭೬೬–೧೮೩೫) ಈ ಕೋವಿಗೆ ಅಂದವನ್ನೂ ತೂಕದ ಹದವನ್ನೂ ಕೊಟ್ಟನು. ನಳಿಗೆಗಳ ನಡುವಣ ಎತ್ತರದ ಪಟ್ಟಿ ೧೮೦೬ರಲ್ಲಿ ಅವನು ಪೇಟೆಂಟು ಪಡೆದುದು. ಅವನಲ್ಲಿ ಕೆಲಸ ಮಾಡಿದ ಜೇಮ್ಸ್ ಪರ್ಡಿ ೧೮೧೪ರಲ್ಲಿ ಸ್ವಂತ ಅಂಗಡಿಯಿಟ್ಟನು. ಇಷ್ಟು ಕೀರ್ತಿವಂತನಾದ ಮ್ಯಾಂಟನ್ ೧೮೨೬ರಲ್ಲಿ ದಿವಾಳಿಯಾದನೆಂಬುದನ್ನೂ ಇಲ್ಲಿಯೇ ಹೇಳಬೇಕು. ಕಬ್ಬಿಣದ ಮೇಲೆ ಹೆಸರು ಬರೆಸಿಕೊಂಡವರಿಗೂ ಕಾಲವು ದಾಕ್ಷಿಣ್ಯ ತೋರಿಸಲಿಲ್ಲ.

ಮುಂದಣ ಬದಲಾವಣೆಗಳು ಬೇಗಬೇಗನೆ ಬಂದವು. ಸ್ಕಾಟ್ಲೆಂಡಿನ ಪಾದ್ರಿ ಅಲೆಗ್ಸಾಂಡರ್ ಫೋರ್ಸೈತ್ ೧೮೦೭ರಲ್ಲಿ ಚಕಮಕಿ ಕಲ್ಲಿನ ಬದಲು ಪೆಟ್ಟಿನಿಂದ ಸಿಡಿಯುವ ಮದ್ದಿಗೆ ಪೇಟೆಂಟು ಪಡೆದನು. ಅದರಿಂದ ಕ್ರಮೇಣ ಕೇಪಿನ ಕೋವಿ ಹುಟ್ಟಿತು. ಪ್ಯಾರಿಸಿನ ಲಫೋಶೆ ನಳಿಗೆಯನ್ನು ಬುಡದಲ್ಲಿ ಮಡಿಸಿ ತೋಟಾ ತುಂಬುವ ಕ್ರಮವನ್ನು ರೂಢಿಗೆ ತಂದನು. ೧೮೫೧ರ ಲಂಡನ್ ಮಹಾಪ್ರದರ್ಶನದಲ್ಲಿ ಇಂಗ್ಲೆಂಡಿನ ಕೋವಿಗಾರರು ಅದನ್ನು ಕಂಡರು. ೧೮೭೫ರಲ್ಲಿ ಬರ್ಮಿಂಗ್‌ಹ್ಯಾಮಿನ ವೆಸ್ಟ್ಲಿ ರಿಚರ್ಡ್ಸ್ ಕಾರ್ಖಾನೆಯ ಆನ್ಸನ್ ಮತ್ತು ಡೀಲಿ ಎಂಬವರು ಹೊರಗೆ ಕಾಣುವ ಕುದುರೆಗಳಿಲ್ಲದೆ, ಎಲ್ಲ ಕೀಲುಗಳೂ ಒಂದು ಉಕ್ಕಿನ ಗೂಡಿನೊಳಗೆ ಅಡಗುವ ರಚನೆಯನ್ನು ಮಾಡಿದರು. ಪಠ್ಯಗಳಲ್ಲಿ ಕೋವಿಯ ಇತಿಹಾಸವೆಂದರೆ ಬಹುಮಟ್ಟಿಗೆ ಇಷ್ಟೇ.

ಆದರೆ ಕಬ್ಬಿಣ ಬದಲಾದಾಗಲೆಲ್ಲ ಮರವೂ ಬದಲಾಯಿತೆಂಬುದನ್ನು ಗಮನಿಸಬೇಕು. ಬಾಯಿಯಿಂದ ಮದ್ದು ತುಂಬುವ ಕೋವಿಯಲ್ಲಿ ಭುಜದಿಂದ ನಳಿಗೆಯ ಅಡಿಯವರೆಗೆ ಒಂದೇ ಮರ. ನಳಿಗೆ ಮಡಿಸತೊಡಗಿದೊಡನೆ ಆ ಒಂದು ಮರ ಎರಡಾಯಿತು: ಹಿಂದೆ ಭುಜದ ಹಿಡಿ, ಮುಂದೆ ಎಡಗೈಯ ಹಿಡಿ. ಹಿಂದಣ ಹಿಡಿ ಈಗ ಕಬ್ಬಿಣಕ್ಕೆ ತನ್ನ ತಲೆಯೊಂದರಿಂದಲೇ ಅಂಟಿಕೊಂಡು ನಿಲ್ಲಬೇಕಾಯಿತು. ಆ ತಲೆಯೊಳಗಣ ಮರವನ್ನು ಕೀಲುಗಳಿಗೆ ಜಾಗ ಮಾಡಲು ಕೊರೆದು ತೆಳುಮಾಡಿರುತ್ತಾರೆ. ಹೊರಗೆ ದೃಢವಾಗಿ ಕಾಣುವ ಕೋವಿಯ ಅತ್ಯಂತ ದುರ್ಬಲ ಸ್ಥಾನ ಇದು. ಹೆಬ್ಬೆರಳು ಸುತ್ತುವ ಸಣ್ಣ ಕೊರಳೂ ಹಾಗೆಯೇ. ಹಳೆಯ ಕೋವಿಗಳ ಮರ ಈ ಎರಡು ಕಡೆಗಳಲ್ಲಿ ಮೊದಲು ಸೀಳುತ್ತದೆ.

ಇದನ್ನು ಮಾಡಿದವರು ಯಾರು? ಬರ್ಮಿಂಗ್‌ಹ್ಯಾಮಿನ ಸೇಂಟ್ ಮೇರಿ ದೇವಾಲಯದ ಸುತ್ತಣ ಬೀದಿಗಳಿಗೆ ಕೋವಿಪೇಟೆಯೆಂದೇ ಹೆಸರಾಯಿತು. ಅಲ್ಲಿ ಒಬ್ಬನೇ ಒಂದು ಕೋವಿಯನ್ನು ಮಾಡುತ್ತಿರಲಿಲ್ಲ. ನಳಿಗೆ ಬೆಸೆಯುವವನು ಒಬ್ಬ, ಕೊರೆಯುವವನು ಇನ್ನೊಬ್ಬ. ಕೀಲು ಅರೆಯುವವನು, ಹಿಡಿ ಕೂಡಿಸುವವನು, ತಿರುಪು ಬಿಗಿಯುವವನು, ಗೆರೆ ಕೊರೆಯುವವನು, ಮೆರುಗು ಕೊಡುವವನು, ಕೆತ್ತುವವನು – ಹೀಗೆ ಹತ್ತಾರು ಕಸಬುಗಳು. ಅನೇಕರು ತಮ್ಮ ಸಣ್ಣ ಕೋಣೆಗಳಲ್ಲಿಯೇ ಕೂತು ತುಂಡುಗೂಲಿಗೆ ಕೆಲಸ ಮಾಡುತ್ತಿದ್ದರು. ಅರೆಮುಗಿದ ಭಾಗಗಳನ್ನು ಹುಡುಗರು ಒಂದು ಬಾಗಿಲಿನಿಂದ ಮತ್ತೊಂದು ಬಾಗಿಲಿಗೆ ಹೊತ್ತು ತಿರುಗುತ್ತಿದ್ದರು. ಕೊನೆಗೆ ಕೋವಿಯ ಮೇಲೆ ಬೀಳುವ ಹೆಸರು ಮಾತ್ರ ಅಂಗಡಿಯದು. ಕೆಲವು ಉತ್ತಮ ಕೋವಿಗಳಲ್ಲಿ ಕೆಲಸಗಾರನು ತನ್ನ ಹೆಸರಿನ ಮೊದಲಕ್ಷರಗಳನ್ನು ಒಳಗಡೆ, ಕಳಚದೆ ಕಾಣದಂತಹ ಜಾಗದಲ್ಲಿ ಒತ್ತಿದ್ದುಂಟು. ಅವನಿಗೆ ದೊರೆತ ಶಾಸನ ಅಷ್ಟೆ.

ಈ ಬೀದಿಗಳನ್ನು ಹೊಗಳುವಾಗ ಇನ್ನೊಂದನ್ನು ಮರೆಮಾಚಬಾರದು. ೧೮ನೆಯ ಶತಮಾನದಲ್ಲಿ ಇಲ್ಲಿಂದಲೇ ಅಗ್ಗದ ಕೋವಿಗಳು ಪಶ್ಚಿಮ ಆಫ್ರಿಕಕ್ಕೆ ಹೇರಳವಾಗಿ ಹೋದವು. ಮನುಷ್ಯರನ್ನು ಕೊಳ್ಳುವ ಗುಲಾಮವ್ಯಾಪಾರದಲ್ಲಿ ಅವು ವಿನಿಮಯದ ಸರಕಾಗಿದ್ದವು. ಶ್ರೀಮಂತರ ಬೇಟೆಕೋವಿಯೂ ಆ ಸರಕಿನ ಕೋವಿಯೂ ಒಂದೇ ಊರಿನ ಮಕ್ಕಳು. ಕೈಕುಶಲತೆ ಎಷ್ಟೇ ನಿರ್ಮಲವಾಗಿದ್ದರೂ ಅದು ಹೋಗಿ ಸೇರುವ ಕಾರ್ಯವೆಲ್ಲ ನಿರ್ಮಲವಾಗಿರುವುದಿಲ್ಲ.

ಇನ್ನು ಮರದ ವಿಚಾರ. ಉತ್ತಮ ಕೋವಿಗೆ ಯುರೋಪಿನವರು ಆರಿಸಿಕೊಂಡುದು ಅಕ್ರೋಟಿನ ಮರವನ್ನು. ಇದಕ್ಕೆ ಕಾರಣಗಳುಂಟು. ಅದು ಗಟ್ಟಿಯಾಗಿದ್ದೂ ಅತಿ ಭಾರವಲ್ಲ. ಪೆಟ್ಟನ್ನು ತಡೆಯುತ್ತದೆ, ಬೇಗನೆ ಸೀಳುವುದಿಲ್ಲ. ಚೆನ್ನಾಗಿ ಆರಿದ ಮೇಲೆ ಹವೆಯ ಬದಲಾವಣೆಗೆ ಅಷ್ಟಾಗಿ ಸೊಟ್ಟಾಗುವುದಿಲ್ಲ. ಉಳಿಗೆ ಒಳ್ಳೆಯ ಅಂಚು ಕೊಡುತ್ತದೆ. ನಮ್ಮ ಕಾಡಿನ ಬೀಟೆ ಇದಕ್ಕಿಂತ ಸುಂದರವೆನ್ನಬಹುದು, ಆದರೆ ಅದು ಭಾರ. ೧೭೦೯ರ ಭೀಕರ ಚಳಿಯಲ್ಲಿ ಯುರೋಪಿನಲ್ಲಿ ಅಸಂಖ್ಯ ಅಕ್ರೋಟು ಮರಗಳು ಸತ್ತವು. ಮರುಶತಮಾನದ ಯುದ್ಧಗಳು ಸೈನ್ಯದ ಕೋವಿಗಳಿಗಾಗಿ ಇನ್ನೂ ಎಷ್ಟನ್ನೋ ನುಂಗಿದವು. ಕಡಿದ ಮರವನ್ನು ದಪ್ಪ ಹಲಗೆಗಳಾಗಿ ಸೀಳಿ, ಗಾಳಿಯಾಡುವಂತೆ ಅಟ್ಟಿಹಾಕಿ ವರ್ಷಗಟ್ಟಲೆ ಆರಿಸುತ್ತಾರೆ. ಹಲಗೆಯಿಂದ ಹಿಡಿಯನ್ನು ಬಿಡಿಸುವಾಗ ಮರದ ನಾರು ಕೊರಳಿನುದ್ದಕ್ಕೂ ನೇರವಾಗಿ ಹರಿಯುವಂತೆ ನೋಡಿಕೊಳ್ಳಬೇಕು. ನಾರು ಕೊರಳನ್ನು ಅಡ್ಡ ಹಾಯ್ದರೆ, ಬಣ್ಣದ ಸೊಬಗು ಎಷ್ಟಿದ್ದರೂ ಆ ಹಿಡಿ ಮುರಿಯುವುದು ನಿಶ್ಚಯ.

ಇಷ್ಟು ಎಚ್ಚರದಿಂದ ಮಾಡಿದ ಮರವೂ ಕಬ್ಬಿಣದಷ್ಟು ಬಾಳುವುದಿಲ್ಲ. ಕೀಲುಗಳಿಗೆ ಹಾಕಿದ ಎಣ್ಣೆ ಮೆಲ್ಲಮೆಲ್ಲನೆ ಹಿಡಿಯ ತಲೆಗೆ ಇಳಿದು ಮರವನ್ನು ಕಪ್ಪಾಗಿಸಿ ಮೆತ್ತಗೆ ಮಾಡುತ್ತದೆ. ಪ್ರತಿಯೊಂದು ಈಡಿನಲ್ಲಿಯೂ ಕಬ್ಬಿಣ ಆ ಮೆತ್ತನೆಯ ಮರಕ್ಕೆ ಗುದ್ದುತ್ತದೆ. ನಮ್ಮ ಮಳೆಗಾಲದಲ್ಲಿ ಮರ ಹಿಗ್ಗುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ಗೆದ್ದಲಿನ ಮಾತು ಬೇರೆ ಹೇಳಬೇಕಾಗಿಲ್ಲ. ಹೀಗಾಗಿ ನೂರು ವರ್ಷದ ನಳಿಗೆಗೆ ಎರಡನೆಯ ಅಥವಾ ಮೂರನೆಯ ಹಿಡಿ ಇರುವುದು ಅಪರೂಪವಲ್ಲ.

ಮರವನ್ನು ಬದಲಿಸಲು ಇನ್ನೊಂದು ಕಾರಣವೂ ಉಂಟು. ಒಳ್ಳೆಯ ಕೋವಿಗಾರನು ದರ್ಜಿಯಂತೆ ಗಿರಾಕಿಯ ಅಳತೆ ತೆಗೆದುಕೊಳ್ಳುತ್ತಿದ್ದನು. ಬೆರಳಿನ ಕೀಲಿನಿಂದ ಭುಜದವರೆಗಿನ ಉದ್ದ, ಸಾಧಾರಣವಾಗಿ ಹದಿನಾಲ್ಕೂವರೆ ಅಂಗುಲದ ಆಸುಪಾಸು. ನಳಿಗೆಯ ಮಟ್ಟದಿಂದ ಹಿಡಿ ಎಷ್ಟು ಕೆಳಗಿಳಿದಿದೆ ಎಂಬುದು. ಕೆನ್ನೆಗೆ ಸರಿಯಾಗುವಂತೆ ಅದು ಎಷ್ಟು ಪಕ್ಕಕ್ಕೆ ಬಾಗಿದೆ ಎಂಬುದು – ಇವೆಲ್ಲ ಒಬ್ಬ ನಿರ್ದಿಷ್ಟ ಮನುಷ್ಯನ ಕುತ್ತಿಗೆ, ತೋಳು, ಕೆನ್ನೆಗಳ ಲೆಕ್ಕ. ಬಲಗೈಯವನ ಹಿಡಿ ಬಲಕ್ಕೆ ಬಾಗಿದರೆ ಎಡಗೈಯವನದು ಎಡಕ್ಕೆ ಬಾಗುತ್ತದೆ. ಯಜಮಾನ ಸತ್ತು ಕೋವಿ ಇನ್ನೊಬ್ಬರ ಪಾಲಿಗೆ ಬಂದಾಗ ಈ ಅಳತೆ ಹೊಂದುವುದಿಲ್ಲ. ಹಳೆಯ ಹಿಡಿಯನ್ನು ಅಳೆದು ನೋಡಿದರೆ, ಚಿತ್ರಪಟವೂ ಉಳಿಯದ ಒಬ್ಬನ ದೇಹದ ಆಕಾರ ನಮಗೆ ಸಿಗುತ್ತದೆ. ಹೊಸ ಹಿಡಿ ಕೆತ್ತುವವನು ಮೊದಲು ಹಳೆಯದರ ಅಳತೆಗಳನ್ನು ಬರೆದಿಟ್ಟುಕೊಳ್ಳಬೇಕೆಂಬುದು ಇದಕ್ಕಾಗಿ.

ಹಿಡಿಯನ್ನು ಕಬ್ಬಿಣಕ್ಕೆ ಕೂಡಿಸುವ ಕ್ರಮ ಬಹಳ ಸರಳ, ಬಹಳ ಕಠಿನ. ದೀಪದ ಹೊಗೆಯಿಂದ ಹಿಡಿದ ಕಪ್ಪನ್ನು ಎಣ್ಣೆಯಲ್ಲಿ ಕಲಸಿ ಕಬ್ಬಿಣಕ್ಕೆ ತೆಳ್ಳಗೆ ಸವರುತ್ತಾರೆ. ಕಬ್ಬಿಣವನ್ನು ಮರಕ್ಕೆ ಒತ್ತಿ ತೆಗೆದರೆ ತಾಗಿದಲ್ಲಿ ಕರೆಯಾಗುತ್ತದೆ. ಕರೆಯಾದ ಅಷ್ಟನ್ನೇ ಹರಿತವಾದ ಉಳಿಯಿಂದ ಹೆರೆದು ತೆಗೆಯಬೇಕು. ಮತ್ತೆ ಸವರಬೇಕು, ಮತ್ತೆ ಒತ್ತಬೇಕು. ಇದು ನೂರಾರು ಸಲ ನಡೆಯುತ್ತದೆ. ಕೊನೆಯಲ್ಲಿ ಕಬ್ಬಿಣದ ಹಿಂಬದಿಯ ಎಲ್ಲ ಕಡೆಯೂ ಸಮನಾಗಿ ಕರೆ ಬಿದ್ದರೆ ಪೆಟ್ಟು ಸಮನಾಗಿ ಹಂಚಿಹೋಗುತ್ತದೆ. ಒಂದೆಡೆ ಮಾತ್ರ ತಾಗಿದರೆ ಆ ಎಡೆಯಿಂದಲೇ ಸೀಳು ಹುಟ್ಟುತ್ತದೆ. ಹೆಚ್ಚು ಹೆರೆದವನಿಗೆ ಕ್ಷಮೆಯಿಲ್ಲ; ತೆಗೆದ ಮರ ಮರಳಿ ಬರುವುದಿಲ್ಲ. ಅನಂತರ ಹೊರರೂಪವನ್ನು ಅರದಿಂದ ತಿದ್ದಿ, ನೀರು ಸವರಿ ನಾರನ್ನು ಎಬ್ಬಿಸಿ ಉಜ್ಜಿ, ಅಗಸೆ ಎಣ್ಣೆಯನ್ನು ಬೆರಳಿನಿಂದ ತೆಳುವಾಗಿ ತಿಕ್ಕುತ್ತಾರೆ. ಇಂಗ್ಲೆಂಡಿನವರು ಆ ಎಣ್ಣೆಗೆ ಅಲ್ಕನೆಟ್ ಎಂಬ ಗಿಡದ ಕೆಂಪು ಬೇರನ್ನು ಹಾಕಿ ಬಣ್ಣ ಬರಿಸುತ್ತಿದ್ದರು. ಒಂದು ಪದರ ಆರಿದ ಮೇಲೆ ಇನ್ನೊಂದು. ವಾರಗಳು ಹಿಡಿಯುವ ಕೆಲಸ.

ಚೌಕುಳಿಗೆರೆ ಬರುವುದು ಇದೆಲ್ಲ ಮುಗಿದ ಮೇಲೆ. ೧೮ನೆಯ ಶತಮಾನದ ಕೊನೆಯ ದಶಕಗಳಿಂದ ಇಂಗ್ಲೆಂಡಿನ ಬೇಟೆಕೋವಿಗಳಲ್ಲಿ ಇದು ರೂಢಿಯಾಯಿತು. ಹಗುರಾದ ಕೋವಿಯನ್ನು ಥಟ್ಟನೆ ಎತ್ತಿ ಹಾರುವ ಹಕ್ಕಿಯ ಕಡೆಗೆ ತಿರುಗಿಸುವಾಗ, ಬೆವರಿನಲ್ಲಿಯೂ ಮಳೆಯಲ್ಲಿಯೂ ಕೈ ಜಾರದಿರಬೇಕು. ಅದಕ್ಕಾಗಿ ಈ ಗೆರೆ. ಅಲಂಕಾರವೆಂದು ನಾವು ತಿಳಿದುದು ಮೊದಲಿಗೆ ಉಪಯೋಗಕ್ಕಾಗಿ ಹುಟ್ಟಿದುದು. ಹಳೆಯ ಕೆಲಸದಲ್ಲಿ ಗೆರೆಗಳ ನಡುವಣ ದಿಣ್ಣೆಗಳು ಚಪ್ಪಟೆಯಾಗಿದ್ದವು. ಬರಬರುತ್ತ ಗೆರೆಗಳು ಒತ್ತಾಗಿ, ದಿಣ್ಣೆಗಳು ಮೊನೆಯಾದವು.

ಕೊರೆಯುವವನು ಮೊದಲು ಒಂದನ್ನೊಂದು ಹಾಯುವ ಎರಡು ಗೆರೆಗಳನ್ನು ಎಳೆಯುತ್ತಾನೆ. ಇವನ್ನು ತಾಯಿಗೆರೆಗಳೆಂದು ಕರೆಯೋಣ. ಇವುಗಳ ಕೋನದಿಂದ ಮುಂದಣ ಪ್ರತಿಯೊಂದು ವಜ್ರಾಕೃತಿಯ ಪ್ರಮಾಣ ನಿರ್ಧಾರವಾಗುತ್ತದೆ. ಉದ್ದವು ಅಗಲದ ಮೂರರಷ್ಟು ಅಥವಾ ಸ್ವಲ್ಪ ಹೆಚ್ಚು ಇದ್ದರೆ ಕಣ್ಣಿಗೆ ಹಿತ. ಅವನ ಉಪಕರಣಕ್ಕೆ ಹಲ್ಲುಗಳ ಎರಡು ಸಾಲು. ಒಂದು ಸಾಲು ಕೊರೆದ ಗೆರೆಯಲ್ಲಿ ಓಡಿದರೆ ಇನ್ನೊಂದು ಅದರ ಪಕ್ಕದ ಗೆರೆಯನ್ನು ಗೀಚುತ್ತದೆ. ಹೀಗೆ ಪ್ರತಿಯೊಂದು ಗೆರೆಯೂ ಹಿಂದಿನದನ್ನು ಆಧರಿಸಿ ಹುಟ್ಟುತ್ತದೆ. ಅಂಗುಲಕ್ಕೆ ಇಪ್ಪತ್ತನಾಲ್ಕು ಗೆರೆಯ ಕೆಲಸವೆಂದರೆ ಗೆರೆಗೂ ಗೆರೆಗೂ ಒಂದು ಮಿಲಿಮೀಟರಿಗಿಂತ ತುಸುವೇ ಹೆಚ್ಚು ಅಂತರ. ವಜ್ರದ ಉದ್ದ ಅಗಲದ ಮೂರರಷ್ಟಿದ್ದರೆ ಒಂದು ಚದರ ಅಂಗುಲದಲ್ಲಿ ಸುಮಾರು ೩೪೫ ವಜ್ರಗಳು ನಿಲ್ಲುತ್ತವೆ. ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು. ಪ್ರತಿ ಗೆರೆಯಲ್ಲಿ ಮಿಲಿಮೀಟರಿನ ಇಪ್ಪತ್ತನೆಯ ಒಂದು ಪಾಲು ತಪ್ಪು ಒಂದೇ ಕಡೆಗೆ ಸೇರುತ್ತ ಹೋದರೆ ಇಪ್ಪತ್ತು ಗೆರೆಗಳಲ್ಲಿ ಅದು ಒಂದು ಮಿಲಿಮೀಟರು, ಅಂದರೆ ಹೆಚ್ಚುಕಡಮೆ ಇಡಿಯ ಒಂದು ಗೆರೆ. ಆದುದರಿಂದ ಬಲ್ಲವನು ಮೊದಲಲ್ಲಿ ತೀರ ತೆಳುವಾಗಿ ಗೀಚಿ, ನಡುನಡುವೆ ತಾಯಿಗೆರೆಗೆ ಹೋಲಿಸಿ ತಿದ್ದಿಕೊಂಡು, ಎರಡು ದಿಕ್ಕಿನ ಗೆರೆಗಳೂ ಕೂಡಿದ ಮೇಲೆಯೇ ಒಂಟಿ ಹಲ್ಲಿನ ಉಪಕರಣದಿಂದ ಆಳಗೊಳಿಸುತ್ತಾನೆ. ಮೂಲದ ಎರಡು ಗೆರೆಗಳು ಸೊಟ್ಟಾದರೆ ಕೊನೆಯದನ್ನು ಎಷ್ಟು ಎಚ್ಚರದಿಂದ ಎಳೆದರೂ ಪ್ರಯೋಜನವಿಲ್ಲ. ಈ ಮಾತು ಉಪಾಧ್ಯಾಯರಿಗೆ ಬೇರೆ ವಿವರಿಸಬೇಕಾದುದಲ್ಲ.

ಈಗ ಮೊದಲು ಹೇಳಿದ ಪ್ರಶ್ನೆಗೆ ಬರೋಣ. ಸವೆದ ಹಳೆಯ ಗೆರೆಗಳನ್ನು ಮತ್ತೆ ಕೊರೆದು ಹರಿತಗೊಳಿಸಬೇಕೆ? ಹಳೆಯ ಹಿಡಿಯ ಕೊರಳನ್ನು ಬೆಳಕಿಗೆ ಹಿಡಿದು ನೋಡಿದರೆ ಸವೆತ ಎಲ್ಲ ಕಡೆ ಒಂದೇ ಸಮನಾಗಿರುವುದಿಲ್ಲ. ಹೆಬ್ಬೆರಳು ಕೂತಲ್ಲಿ ವಜ್ರಗಳು ನುಣುಪಾಗಿ ಅಳಿದಿರುತ್ತವೆ. ಬೆರಳು ಮುಟ್ಟದ ಅಂಚಿನಲ್ಲಿ ಕೊರೆದ ದಿನದಂತೆಯೇ ನಿಂತಿರುತ್ತವೆ. ಎರಡು ಮೂರು ತಲೆಮಾರುಗಳ ಅಂಗೈಗಳು ಬರೆದ ಬರಹ ಅದು. ಅದರ ಮೇಲೆ ಹೊಸ ಗೆರೆ ಎಳೆದರೆ ಹಿಡಿ ಹೊಸದರಂತೆ ಕಾಣುವುದು ನಿಜ. ಆ ಬರಹ ಅಳಿಯುವುದೂ ನಿಜ. ಇತ್ತ, ಸೀಳಿದ ಮರವನ್ನು ಮುಟ್ಟದೆ ಬಿಟ್ಟರೆ ಮುಂದಣ ಮಳೆಗಾಲಗಳಲ್ಲಿ ಅದು ಪೂರ್ತಿ ಹೋಗುತ್ತದೆ.

ಈ ಇಕ್ಕಟ್ಟಿಗೆ ನಮಗೆ ತೋರುವ ಮಾರ್ಗ ಶಾಸನಶಾಸ್ತ್ರದಲ್ಲಿದೆ. ಬಿ. ಎಲ್. ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕದ ಮೊದಲ ಸಂಪುಟ ೧೮೮೬ರಲ್ಲಿ ಹೊರಬಂದಿತು. ಅದು ಕೊಡಗಿನ ಶಾಸನಗಳ ಸಂಪುಟ. ಶಾಸನವನ್ನು ಓದುವವರು ಸವೆದ ಅಕ್ಷರವನ್ನು ಉಳಿಯಿಂದ ತಿದ್ದುವುದಿಲ್ಲ. ಒದ್ದೆ ಕಾಗದವನ್ನು ಒತ್ತಿ ಮಸಿ ತಟ್ಟಿ ಪಡಿಯಚ್ಚು ತೆಗೆಯುತ್ತಾರೆ. ಕಲ್ಲು ಇದ್ದ ಹಾಗೆಯೇ ಉಳಿಯುತ್ತದೆ, ಓದು ಮುಂದುವರಿಯುತ್ತದೆ. ಹಿಡಿಯ ಗೆರೆಗಳಿಗೂ ಇದು ಸಲ್ಲುತ್ತದೆ. ತೆಳುಕಾಗದವನ್ನು ಕೊರಳಿಗೆ ಸುತ್ತಿ ಸೀಸದಕಡ್ಡಿಯಿಂದ ಹಗುರಾಗಿ ಉಜ್ಜಿದರೆ ಗೆರೆಗಳ ಸಂಖ್ಯೆ, ಕೋನ, ಅಂಚಿನ ಆಕಾರ, ಸವೆತದ ಜಾಗ ಎಲ್ಲವೂ ಮೂಡುತ್ತವೆ. ಆ ಮಾದರಿಯಂತೆ ಹೊಸ ಹಿಡಿಯನ್ನು ಕೆತ್ತಬಹುದು. ಹಳೆಯ ಹಿಡಿಯನ್ನು ಒಲೆಗೆ ಹಾಕದೆ ಕೋವಿಯೊಡನೆಯೇ ಇಡಬಹುದು. ಮರ ಇನ್ನೂ ಗಟ್ಟಿಯಾಗಿದ್ದರೆ, ಕುಳಿ ಬಿದ್ದಲ್ಲಿ ಒದ್ದೆ ಬಟ್ಟೆಯಿಟ್ಟು ಕಾದ ಕಬ್ಬಿಣದ ಹಬೆಯಿಂದ ಅದನ್ನು ಎಬ್ಬಿಸಿ, ಎಣ್ಣೆ ತಿಕ್ಕಿ, ಗೆರೆಗಳನ್ನು ಹಾಗೆಯೇ ಬಿಡುವುದು ಲೇಸು.

ನಮ್ಮ ನಾಡಿನ ಕಡೆಗೆ ತಿರುಗಿದರೆ ಈ ಮಾತಿಗೆ ಬೇರೆಯೇ ತೂಕ ಬರುತ್ತದೆ. ೧೮ನೆಯ ಶತಮಾನದ ಕೊನೆಯಲ್ಲಿ, ಲಂಡನ್ನಿನಲ್ಲಿ ನಾಕ್ ಮತ್ತು ಮ್ಯಾಂಟನ್ ಕೆಲಸ ಮಾಡುತ್ತಿದ್ದ ಕಾಲದಲ್ಲಿಯೇ, ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನನಿಗಾಗಿ ಚಕಮಕಿಯ ಕೋವಿಗಳು ತಯಾರಾಗುತ್ತಿದ್ದವು. ಹುಲಿಯ ಮುಖ, ಹುಲಿಯ ಪಟ್ಟೆಗಳಿಂದ ಅಲಂಕೃತವಾದ ಅಂತಹ ಕೋವಿಗಳು ೧೭೯೯ರ ತರುವಾಯ ಇಂಗ್ಲೆಂಡಿಗೆ ಸಾಗಿಹೋದವು. ಅವುಗಳಲ್ಲಿ ಕೆಲವುಗಳ ಮೇಲೆ ಅರಸನ ಗುರುತಿನ ಜೊತೆಗೆ ಮಾಡಿದ ಕುಶಲಿಯ ಹೆಸರೂ ಇದೆ. ಬರ್ಮಿಂಗ್‌ಹ್ಯಾಮಿನ ಕೆಲಸಗಾರನು ಒಳಗೆ ಬಚ್ಚಿಟ್ಟುದನ್ನು ಶ್ರೀರಂಗಪಟ್ಟಣದವನು ಹೊರಗೇ ಬರೆದನು.

ಕೊಡಗಿನಲ್ಲಿ ಕೋವಿ ಮನೆತನದ ವಸ್ತು. ಕೊಡವ ಮನೆಯಲ್ಲಿ ಗಂಡುಮಗು ಹುಟ್ಟಿದಾಗ ಒಂದು ಈಡು, ಸಾವಾದಾಗ ಎರಡು ಈಡು ಹಾರಿಸುವ ಸಂಪ್ರದಾಯವುಂಟು. ಸೆಪ್ಟೆಂಬರ್ ಮೊದಲ ವಾರದ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗಳನ್ನು ತೊಳೆದೊರಸಿ ತೋಕ್‌ಪೂವಿನಿಂದ ಸಿಂಗರಿಸಿ ಪೂಜಿಸುತ್ತಾರೆ; ತೋಕ್ ಎಂದರೆ ಕೊಡವ ಭಾಷೆಯಲ್ಲಿ ಕೋವಿ. ೧೮೫೭ರ ದಂಗೆಯ ತರುವಾಯ ಬ್ರಿಟಿಷರು ದೇಶವನ್ನು ನಿಶ್ಶಸ್ತ್ರಗೊಳಿಸಲು ಹೊರಟಾಗ ಕೊಡವರಿಗೆ ವಿನಾಯಿತಿ ದೊರೆಯಿತು. ಸ್ವತಂತ್ರ ಭಾರತದ ೧೯೫೯ರ ಆಯುಧ ಕಾಯಿದೆಯ ಕೆಳಗೂ ಅದು ಮುಂದುವರಿದು, ೨೦೧೯ರಲ್ಲಿ ಕೇಂದ್ರ ಸರಕಾರ ಅದನ್ನು ೨೦೨೯ರವರೆಗೆ ವಿಸ್ತರಿಸಿತು. ೨೦೨೧ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯ ಆ ವಿನಾಯಿತಿಯನ್ನು ಎತ್ತಿಹಿಡಿಯಿತು. ಇತ್ತ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಬೇಟೆಯ ಕಾಲ ಮುಗಿಯಿತು. ಮುಗಿದುದು ಒಳ್ಳೆಯದೇ ಆಯಿತು. ಹಾಗಾಗಿ ಇಂದು ಅನೇಕ ಹಳೆಯ ಕೋವಿಗಳಿಗೆ ಉಳಿದ ಮುಖ್ಯ ಕೆಲಸವೆಂದರೆ ನೆನಪನ್ನು ಕಾಯುವುದು. ನೆನಪನ್ನು ಕಾಯಬೇಕಾದ ವಸ್ತುವನ್ನು ಮೆರುಗಿನ ಆಸೆಗೆ ಹೊಸತಾಗಿಸಿ ನೆನಪನ್ನೇ ಅಳಿಸಿದರೆ ಉಳಿಯುವುದೇನು?

ವಿದ್ಯಾರ್ಥಿಗಳಿಗೆ ಎರಡು ಎಚ್ಚರಿಕೆಯ ಮಾತು ಹೇಳುವುದು ನಮ್ಮ ಕರ್ತವ್ಯ. ಮೇಲೆ ಹೇಳಿದ ಆಯುಧ ಕಾಯಿದೆಯ ೫ನೆಯ ಕಲಮಿನಂತೆ ಕೋವಿಗಳನ್ನು ದುರಸ್ತಿ ಮಾಡುವ ಕಸಬಿಗೂ ಲೈಸೆನ್ಸು ಬೇಕು. ಇದು ಮನೆಯ ಜಗಲಿಯಲ್ಲಿ ಆಡುವ ಆಟವಲ್ಲ. ಎರಡನೆಯದು, ಹೊಸ ಮರ ಹಳೆಯ ನಳಿಗೆಗೆ ಬಲ ಕೊಡುವುದಿಲ್ಲ. ಲಂಡನ್ನಿನ ಕೋವಿಗಾರರ ಸಂಘಕ್ಕೆ ೧೬೩೭ರಲ್ಲಿ ಸನ್ನದು ದೊರೆಯಿತು, ಬರ್ಮಿಂಗ್‌ಹ್ಯಾಮಿನಲ್ಲಿ ೧೮೧೩ರ ಕಾಯಿದೆಯಂತೆ ಪರೀಕ್ಷಾಗೃಹ ಏರ್ಪಟ್ಟಿತು. ವಾಡಿಕೆಗಿಂತ ಹೆಚ್ಚು ಮದ್ದು ತುಂಬಿ ಹಾರಿಸಿ, ತಡೆದುಕೊಂಡ ನಳಿಗೆಗೆ ಅಲ್ಲಿ ಮುದ್ರೆ ಒತ್ತುತ್ತಾರೆ. ಕರಿಮದ್ದಿಗೆ ಮಾತ್ರ ಪರೀಕ್ಷೆಯಾದ ಹಳೆಯ ನಳಿಗೆಯಲ್ಲಿ ಈಗಿನ ತೋಟಾ ಹಾಕಿದರೆ ಅದು ಒಡೆದು ಕೈಯನ್ನೇ ಕಳೆಯಬಹುದು. ಮರ ಹೊಸದಾಯಿತೆಂದು ಕೋವಿ ಹೊಸದಾಗಲಿಲ್ಲ.

ಕೊನೆಯದಾಗಿ ಒಂದು ಸೂಚನೆ. ಹೊಸ ಹಿಡಿಯನ್ನು ಕೂಡಿಸಿದವನು ಅದರ ಬುಡದ ತಗಡಿನ ಒಳಗೆ, ಮರದ ಮೇಲೆ, ತನ್ನ ಹೆಸರನ್ನೂ ಊರನ್ನೂ ಇಸವಿಯನ್ನೂ ಬರೆದಿಡಲಿ. ಹಳೆಯ ಹಿಡಿಯ ಅಳತೆಯನ್ನೂ ಬರೆಯಲಿ. ಮುಂದೆ ನೂರು ವರ್ಷದ ಮೇಲೆ ಆ ಮರವೂ ಸೀಳಿದಾಗ ಇನ್ನೊಬ್ಬ ಕುಶಲಿ ತಗಡನ್ನು ಕಳಚಿ ಅದನ್ನು ಓದುವನು. ಕಬ್ಬಿಣದ ಮೇಲೆ ಅಂಗಡಿಯ ಹೆಸರು ಹೇಗೂ ಇದ್ದೇ ಇರುತ್ತದೆ. ಮರದೊಳಗೆ ಮನುಷ್ಯನ ಹೆಸರೂ ಒಂದಿರಲಿ.